ಬಂಗಾರಕ್ಕನ ಕರಿ ನೆಲ

ಸರ್... ಸರ್... ನಡುವೆ ಒಂದು ಸಣ್ಣ ತಡೆ. ಮತ್ತೆ ಸರ್... ಮೊದಲು ಇಲಿ ಎಂದುಕೊಂಡೆ. ಮಾಘದ ಚಳಿ, ಗುರುತಿಲ್ಲದ ಮನೆಯ ಜಗಲಿ. ಕಂಬಳಿ ಹೊದ್ದು ಮಲಗಿದ್ದ ನನಗೆ ನಿದ್ದೆ ಹತ್ತಿರಲಿಲ್ಲ. ಎದ್ದು ಬಾಗಿಲ ಸಂದಿಯಲ್ಲಿ ನೋಡಿದರೆ ನಡುಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಮೊಣಕಾಲಿಗೆ ಅಡಿಕೆ ಹಾಳೆ ಕಟ್ಟಿಕೊಂಡು ಬಂಗಾರಕ್ಕ ನೆಲದ ಮೇಲೆ ಬಾಗಿದ್ದರು. ಅಂಗೈಯಲ್ಲಿ ಕೋಳಿಮೊಟ್ಟೆಗಿಂತ ತುಸು ದೊಡ್ಡ ಹೊಳೆಗಲ್ಲು. ಅದನ್ನು ಒತ್ತಿ ಎಳೆದಲ್ಲಿ ಮಂಕು ಕಪ್ಪು ನೆಲಕ್ಕೆ ಹೊಳಪು ಬರುತ್ತಿತ್ತು.

ತಲೆ ಎತ್ತದೆಯೇ ಹೇಳಿದರು, "ಮಲ್ಕ ತಂಗಿ. ಬೆಳಗಾಗ ತನ್ಕ ಇದೇ ಸಂಗೀತ."

ಬಂಗಾರಿ ನಾಯ್ಕರ ಊರು ಸಿದ್ದಾಪುರ ತಾಲೂಕಿನ ದೊಡ್ಮನೆಯಿಂದ ಆಚೆ. ವಯಸ್ಸು ಕೇಳಿದರೆ, "ಆಧಾರ್ ಕಾರ್ಡಲ್ಲಿ ಒಂದು, ಮೊಣಕಾಲಲ್ಲಿ ಇನ್ನೊಂದು" ಎನ್ನುತ್ತಾರೆ. ಅರವತ್ತು ದಾಟಿರಬಹುದು. ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಣ್ಣಿನ ಕರಿ ನೆಲ ಮಾಡಿಕೊಡುವುದು ಅವರ ಕೆಲಸ. ಸಿಮೆಂಟು ಬೇಡ, ಟೈಲ್ಸ್ ಬೇಡ. ಹುತ್ತದ ಮಣ್ಣು, ಸಗಣಿ, ತೆಂಗಿನ ಗರಟೆ ಸುಟ್ಟ ಇದ್ದಿಲ ಪುಡಿ, ದಾಸವಾಳದ ಸೊಪ್ಪು ಹಿಸುಕಿದ ಲೋಳೆ. ಮೊದಲ ದಿನ ಮಣ್ಣು ಹದ ಮಾಡಿ ಬಡಿಯುವುದು, ಮರುದಿನ ಸಂಜೆ ಕಪ್ಪು ಬಳಿದು ರಾತ್ರಿಯಿಡೀ ಕಲ್ಲಿನಿಂದ ತಿಕ್ಕುವುದು.

"ಹಗಲು ತಿಕ್ಕುಕ್ಕೆ ಆಗುದಿಲ್ಯ?" ಎಂದು ಕೇಳಿದ್ದೆ.

"ಬಿಸ್ಲಿಗೆ ನೆಲ ಬಾಯಿ ಬಿಡ್ತದೆ. ಚಳೀಲಿ ನಿಧಾನಕ್ಕೆ ಒಣಗ್ಬೇಕು. ಒಣಗ್ತಾ ಇದ್ದಂಗೇ ತಿಕ್ಬೇಕು. ಒಣಗಿದ ಮೇಲೆ ನೀ ಎಷ್ಟು ತಿಕ್ಕಿದ್ರೂ ಅದು ನಿನ್ನ ಮಾತು ಕೇಳುದಿಲ್ಲ."

ಹಿಂದೆಲ್ಲ ಕಪ್ಪಿಗೆ ಟಾರ್ಚಿನ ಹಳೆ ಸೆಲ್ ಒಡೆದು ಅದರ ಪುಡಿಯನ್ನೂ ಬೆರೆಸುತ್ತಿದ್ದರು. ನಮ್ಮ ಅಜ್ಜಿಯ ಮನೆಯಲ್ಲೂ ತೀರಿದ ಸೆಲ್ಲುಗಳನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದುದು ನೆನಪಿದೆ. ಆ ಪುಡಿ ಬರಿಗೈಗೆ ಒಳ್ಳೆಯದಲ್ಲವಲ್ಲ ಎಂದು ನಾನು ಆತಂಕದಿಂದ ಹೇಳಿದಾಗ ಬಂಗಾರಕ್ಕ ನಕ್ಕರು. "ಸಿರ್ಸಿ ಡಾಕ್ಟ್ರು ಬೈದ ಮೇಲೆ ಬಿಟ್ಟೆ. ಬಿಡದಿದ್ರೂ ಸಿಗ್ತಿರ್ಲಿಲ್ಲ ಬಿಡು. ಟಿವಿ ರಿಮೋಟಿನ ಸೆಲ್ ಒಡದ್ರೆ ನನ್ನ ಉಗುರಿಗೂ ಸಾಲುದಿಲ್ಲ."

ಈ ಕೆಲಸ ಒಂದು ಕಾಲದಲ್ಲಿ ಕೂಲಿಯಾಗಿರಲಿಲ್ಲ. ಮುಯ್ಯಾಳು ಪದ್ಧತಿ: ನಿಮ್ಮ ಮನೆ ನೆಲಕ್ಕೆ ನಾನು, ನಮ್ಮ ಮನೆ ನೆಲಕ್ಕೆ ನೀವು. ಕೇರಿಯ ಹೆಂಗಸರು ಸಾಲಾಗಿ ಕೂತು, ಹಾಡು ಹೇಳಿ, ಅವರಿವರ ಅತ್ತೆಯನ್ನು ಆಡಿಕೊಂಡು ಬೆಳಗು ಮಾಡುತ್ತಿದ್ದರಂತೆ. ಮದುವೆಯಾಗಿ ಬರುವ ಹುಡುಗಿ ತವರಿನ ಹೊಳೆಯಿಂದ ತನಗೆ ಬೇಕಾದ ಕಲ್ಲನ್ನು ಆರಿಸಿ ತರುತ್ತಿದ್ದಳು. "ಬಂಗಾರ ತಂದ್ಯನೇ ಅಂತ ಯಾರೂ ಕೇಳ್ಲಿಲ್ಲ ನಂಗೆ. ಕಲ್ಲು ತಂದ್ಯನೇ ಅಂತ ಕೇಳಿದ್ರು" ಎನ್ನುತ್ತಾರೆ ಬಂಗಾರಕ್ಕ.

ಅವರನ್ನು ಕಾಣಲು ನಾನು ಹೋಗಿದ್ದು ಅವರು ಕೆಲಸಕ್ಕೆ ಬಂದಿದ್ದ ಒಂದು ಮನೆಗೆ. ಅದು ಯಾವ ಊರು ಎಂದು ಬರೆಯುವುದಿಲ್ಲ. ಮನೆಯವರ ಹೆಸರನ್ನೂ ಬದಲಿಸಿದ್ದೇನೆ. ಆ ಮನೆಯ ಹಿರಿಯರಾದ ಕನ್ನಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಸೊಸೆ ಮಮತಾ ಅವರೇ ಮೊನ್ನೆ ಫೋನು ಮಾಡಿ, "ಈಗ ಬರೀಲಕ್ಕು. ನಮ್ಮನೆಯವ್ರಿಗೂ ನಾನೇ ಎಲ್ಲ ಹೇಳಿದ್ದೆ" ಎಂದ ಮೇಲೆ ಬರೆಯುತ್ತಿದ್ದೇನೆ.

ಕನ್ನಮ್ಮನವರಿಗೆ ಮರೆವು. ಮಗನನ್ನು ಕಂಡರೆ "ಯಾರ ಮನೆ ಹುಡುಗ?" ಎನ್ನುತ್ತಿದ್ದರು. ರಾತ್ರಿ ಎದ್ದು ಓಡಾಡುವುದು ಶುರುವಾಗಿತ್ತು. ಒಮ್ಮೆ ಗದ್ದೆಯ ಬದುವಿನಲ್ಲಿ ಸಿಕ್ಕಿದ್ದರು, ಇನ್ನೊಮ್ಮೆ ಮುಂದಿನ ಕೋಣೆಯ ಟೈಲ್ಸ್ ಮೇಲೆ ಜಾರಿ ಬಿದ್ದಿದ್ದರು. ನಡುಮನೆಗೂ ಟೈಲ್ಸ್ ಹಾಕಿಸಬೇಕು ಎಂದಿದ್ದ ಮಗ ಸತೀಶ ಅದನ್ನು ಬಿಟ್ಟು ಬಂಗಾರಕ್ಕನನ್ನು ಕರೆಸಿದ್ದು ಮಮತಾ ಹಟ ಹಿಡಿದದ್ದಕ್ಕೆ. ಖರ್ಚೂ ಉಳಿಯುತ್ತದೆ, ಅತ್ತೆಯ ಕಾಲೂ ಉಳಿಯುತ್ತದೆ ಎಂದು.

ಸತೀಶ ಕೆಟ್ಟವರಲ್ಲ. ಹೆದರಿದ್ದರು. ತಾಯಿಯ ಕೋಣೆಗೆ ಹೊರಗಿನಿಂದ ಹಾಕಲು ಒಂದು ಚಿಲಕ ತಂದು ಜಗಲಿಯ ಕಿಟಕಿಯಲ್ಲಿಟ್ಟಿದ್ದರು. ಆ ಸಂಜೆ ಗಂಡಹೆಂಡತಿ ಅದರ ವಿಷಯವನ್ನೇ ಮಾತಾಡುತ್ತಿದ್ದರು.

"ನಾಳೆ ನಾಗಪತಿ ಆಚಾರಿ ಬತ್ತ. ಹಾಕುಸ್ಬಿಡುವ."

"ಕೊಟ್ಟಿಗೆ ದನ ಅಲ್ಲ ಅವ್ರು, ಅಗಳಿ ಹಾಕುಕ್ಕೆ" ಎಂದರು ಮಮತಾ.

"ಹಂಗಾರೆ ಗದ್ದೆ ಬಾವೀಲಿ ಬಿದ್ರೆ ಅಡ್ಡಿಲ್ಯಾ ನಿಂಗೆ?"

ಮಮತಾ ಕಿಟಕಿಯಲ್ಲಿದ್ದ ಚಿಲಕದ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಈ ರಾತ್ರಿ ಒಂದು ನೋಡುವ. ನಾ ಜೊತೆಗೆ ಮಲಗ್ತೆ. ಹಸಿ ನೆಲ ಇದ್ದು, ಎದ್ರೆ ಹೆಜ್ಜೆ ಬೀಳ್ತು, ಗೊತ್ತಾಗ್ತು. ಹೆಜ್ಜೆ ಇದ್ರೆ ಚಿಲಕ ಹಾಕ್ಸಿ. ಇಲ್ದೆ ಇದ್ರೆ ಬ್ಯಾಡ" ಎಂದರು.

"ಮಾತು ತಪ್ಪುಕ್ಕಿಲ್ಲ ಮತ್ತೆ" ಎಂದರು ಸತೀಶ.

ಕಪ್ಪು ಕಲಸುತ್ತಿದ್ದ ಬಂಗಾರಕ್ಕ ಇದನ್ನೆಲ್ಲ ಕೇಳಿಸಿಕೊಂಡೂ ಕೇಳದವರಂತೆ ಇದ್ದರು. ಮಮತಾ ರಾತ್ರಿ ತನ್ನ ಸೆರಗಿನ ತುದಿಯನ್ನು ಅತ್ತೆಯ ಕೈಗೆ ಗಂಟು ಹಾಕಿಕೊಂಡು ಮಲಗಿದರು. ಎಳೆದರೆ ಎಚ್ಚರವಾಗಲಿ ಎಂದು, ಮನೆಯಲ್ಲೇ ಕಂಡುಕೊಂಡ ಉಪಾಯ.

ಪೂರ್ವಕ್ಕೆ ಬೆಳಕು ಹರಿಯುವ ಹೊತ್ತಿಗೆ ನೆಲ ಹೆಚ್ಚುಕಡಿಮೆ ಮುಗಿದಿತ್ತು. ಹೊಳಪು ಕೂರಲು ಒಂದಿಷ್ಟು ಹೊತ್ತು ಬಿಟ್ಟು, ಕೊನೆಯ ಕೈ ಕೊಡುವುದು ಮಾತ್ರ ಬಾಕಿ. ಸತೀಶ ಹಾಲು ಕರೆದು ಡೈರಿಗೆ ಹೋದರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ನೆಲವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಹೆಜ್ಜೆ ಇರಲಿಲ್ಲ. "ಬಂದು ಮತ್ತೊಂದ್ಸಲ ನೋಡ್ತೆ" ಎಂದು ಬೈಕು ಹತ್ತಿದರು.

ಬಂಗಾರಕ್ಕ ಕಲ್ಲನ್ನು ಹೊರಬಾಗಿಲ ಹೊಸ್ತಿಲ ಮೇಲಿಟ್ಟು ಬಚ್ಚಲೊಲೆಯ ಮುಂದೆ ಬಂದು ಕೂತರು. ಬೆರಳುಗಳು ತಾವಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಒಂದೊಂದನ್ನೇ ಇನ್ನೊಂದು ಕೈಯಿಂದ ನೇರ ಮಾಡಿ ಬೆಂಕಿಗೆ ಹಿಡಿದರು. ಸೊಂಟದ ಸಂಚಿಯಿಂದ ಒಂದು ಸಣ್ಣ ಡಬ್ಬಿ ತೆಗೆದು ಅಂಗೈಗೆ ಸವರಿಕೊಂಡರು. ಉಪ್ಪಾಗೆ ಎಂಬ ಕಾಡುಮರದ ಬೀಜದಿಂದ ಅವರೇ ಕಾಯಿಸಿ ತೆಗೆದ ತುಪ್ಪ. ಹಿಮ್ಮಡಿ ಒಡೆದರೂ ಅದೇ, ಕೈ ಒಡೆದರೂ ಅದೇ.

ಅವರ ಮನೆಗೆ ಅಂಗಡಿಯಿಂದ ಬರುವ ಸಾಮಾನು ಕಡಿಮೆ. ಪಾತ್ರೆಗೆ ಬೂದಿ, ತೆಂಗಿನ ನಾರು. ಬಟ್ಟೆಗೆ ಅಂಟುವಾಳ. ತಲೆಗೆ ಮತ್ತಿ ಸೊಪ್ಪಿನ ಲೋಳೆ. ಅಡಿಕೆ ಬೇಯಿಸಿದವರ ಮನೆಯಿಂದ ಅದು ಬೆಂದ ಕೆಂಪು ನೀರು, ಚೊಗರು, ಕೇಳಿ ತಂದು ಬುಟ್ಟಿ, ಮೊರಕ್ಕೆ ಬಳಿಯುತ್ತಾರೆ; ಹುಳ ಹತ್ತುವುದಿಲ್ಲ. ಪಂಚೆ ಹರಿದರೆ ಮೊದಲು ಮೈ ಒರೆಸುವ ಬಟ್ಟೆ, ಆಮೇಲೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಕೊನೆಗೆ ದೀಪದ ಬತ್ತಿ. ಸಿರ್ಸಿಯಲ್ಲಿ ಈಗ ಇಂಥದ್ದನ್ನೇ ಚಂದದ ಬಾಟಲಿಗೆ ತುಂಬಿ ಮಾರುತ್ತಾರೆ ಎಂದೆ. ಅಂಟುವಾಳದ ನೀರಿಗೆ ಅಷ್ಟೊಂದು ದುಡ್ಡು ಕೊಡುವವರು ಯಾರು ಎಂದು ಬಂಗಾರಕ್ಕ ಸುಮಾರು ಹೊತ್ತು ನಂಬಲಿಲ್ಲ.

"ಉಳಿತಾಯ ಗಿಳಿತಾಯ ಅಂತ ನಮಗೆ ಗೊತ್ತಿರ್ಲಿಲ್ಲ ತಂಗಿ. ಅಂಗಡಿ ದೂರ ಇತ್ತು. ಕೈ ಹತ್ರ ಇತ್ತು."

ಅವರ ಗಂಡ ಚೌಡ ನಾಯ್ಕರು ಮರ ಹತ್ತುವ ಕೆಲಸದಲ್ಲಿದ್ದರು. ಒಮ್ಮೆ ಬಿದ್ದವರು ಮತ್ತೆ ನೇರ ನಿಲ್ಲಲಿಲ್ಲ. ಹನ್ನೊಂದು ವರ್ಷ ಮಲಗಿದಲ್ಲೇ ಇದ್ದರು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ. ಆಗ ಬಂಗಾರಕ್ಕನಿಗೆ ದಾರಿ ತೋರಿಸಿದ್ದು ಈ ಮನೆಯ ಕನ್ನಮ್ಮ. ಈ ಮನೆಗೂ ಬಂಗಾರಕ್ಕನಿಗೂ ನೆಂಟಸ್ತಿಕೆ ಇಲ್ಲ, ಆದರೂ ಕನ್ನಮ್ಮನನ್ನು 'ಅತ್ತಿಗೆ' ಎಂದೇ ಕರೆಯುತ್ತಾರೆ.

"ಅತ್ತಿಗೆ ಮನೆ ನೆಲಕ್ಕೆ ಮುಯ್ಯಿಗೆ ಬಂದಿದ್ದೆ. ಬೆಳಿಗ್ಗೆ ಹೊರಡುವಾಗ ಚೀಲಕ್ಕೆ ಅಕ್ಕಿ ತುಂಬಿದ್ರು. ಎಂತಕ್ಕೆ ಅಂದೆ. ಇನ್ನು ಮೇಲೆ ನೀ ಮುಯ್ಯಿ ಮಾಡುಕ್ಕಿಲ್ಲ, ಕೂಲಿ ತಗಬೇಕು ಅಂದ್ರು. ನಂಗೆ ನಾಚ್ಕೆ ಆಗಿ ಅಳು ಬಂತು. ಆವಾಗ ಎಂತ ಹೇಳಿದ್ರು ಗೊತ್ತಾ? 'ಅಳುದಾದ್ರೆ ಅಂಗಳಕ್ಕೆ ಹೋಗಿ ಅಳು, ನೆಲಕ್ಕೆ ಬಿದ್ರೆ ಕಲೆ ಆಗ್ತದೆ' ಅಂದ್ರು."

ಮಾರನೇ ವಾರ ಕನ್ನಮ್ಮನೇ ನಾಲ್ಕು ಮನೆಗೆ ಹೋಗಿ, ಬಂಗಾರಿಯನ್ನು ಕರೆಯಿರಿ, ಬರಿಗೈಲಿ ಕಳಿಸಬೇಡಿ ಎಂದು ಹೇಳಿ ಬಂದರಂತೆ. ಅಲ್ಲಿಂದ ಶುರುವಾದ ತಿರುಗಾಟ ನಂದೊಳ್ಳಿ, ಬನವಾಸಿಯವರೆಗೆ ಹಬ್ಬಿದೆ. ಬನವಾಸಿಯ ಮುರಿಗೆವ್ವ ಎನ್ನುವವರು ತಮ್ಮ ಹೊಸ ನೆಲದ ಮೇಲೆ ಬಗ್ಗಿ, "ಮಾರಿ ಕಾಣ್ತೈತ್ ನೋಡ್ರಿ! ನಮ್ ಸೊಸಿಗೆ ಕನ್ನಡಿ ತರೂದು ಉಳೀತು" ಎಂದದ್ದನ್ನು ಬಂಗಾರಕ್ಕ ಅವರದೇ ಧಾಟಿಯಲ್ಲಿ ಹೇಳಿ ತೋರಿಸುತ್ತಾರೆ. ಯಲ್ಲಾಪುರದ ದಾರಿಯ ಒಂದು ಹೋಂಸ್ಟೇಯವರು, ಫೋಟೋ ತೆಗೆಯುತ್ತೇವೆ, ಹೊಸ ಸೀರೆ ಉಟ್ಟು ಬನ್ನಿ ಎಂದಿದ್ದರಂತೆ. "ಹೊಸ ಸೀರೆ ಉಟ್ಟು ಸಗಣಿ ಕಲಸುಕ್ಕೆ ನಾ ಎಂತ ಮದುವಣಗಿತ್ತಿಯಾ?"

ಆದರೆ ಕರೆಯುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕರೆಯುವವರೂ ಮೊದಲು ಕೇಳುವುದು ಒಂದೇ ಮಾತು: ಈಗಲೂ ಕೈಯಲ್ಲಿ ಆಗುತ್ತದೆಯೇ? "ಬಂಗಾರಿ ಕೈ ಹೋತು ಅಂತ ಒಬ್ರು ಅಂದ್ರೆ ಸಾಕು, ಮೂರು ತಾಲೂಕಿಗೆ ಗೊತ್ತಾಗ್ತದೆ" ಎಂದು ಹೇಳಿ ಚಾ ಲೋಟ ಬಾಯಿಗಿಟ್ಟರು.

ಆಗ ಒಳಗಿನಿಂದ ಕಲ್ಲು ಎಳೆಯುವ ಸದ್ದು ಕೇಳಿಸಿತು.

ಬಂಗಾರಕ್ಕ ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. ಇಬ್ಬರೂ ಎದ್ದು ಓಡಿದೆವು.

ಕನ್ನಮ್ಮ ನಡುಮನೆಯ ಮಧ್ಯದಲ್ಲಿ ಬರಿಯ ಮೊಣಕಾಲೂರಿ ಕೂತಿದ್ದರು. ಹೊಸ್ತಿಲ ಮೇಲಿದ್ದ ಬಂಗಾರಕ್ಕನ ಕಲ್ಲು ಅವರ ಕೈಯಲ್ಲಿತ್ತು. ಕೋಣೆಯ ಬಾಗಿಲಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ನಡುವಿಗೆ ಹೆಜ್ಜೆಗಳು ಸ್ಪಷ್ಟವಾಗಿ ಬಿದ್ದಿದ್ದವು, ಹೆಬ್ಬೆರಳು ಸಮೇತ. ಕೋಣೆಯ ಬಾಗಿಲಲ್ಲಿ ಮಮತಾ, ಬಿಚ್ಚಿದ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಗಂಟು ಬಿಚ್ಚಿದ್ದು ಗೊತ್ತೇ ಆಗ್ಲಿಲ್ಲ" ಎಂದರು. "ಬೆಳಗಿನ ಜಾವ ಕಣ್ಣು ಕೂಡ್ತು ಬಂಗಾರಕ್ಕ. ಇವ್ರು ಈಗ ಬಂದುಬಿಡ್ತ್ರು."

ಹಸಿ ನೆಲದ ಮೇಲೆ ಬಿದ್ದ ಹೆಜ್ಜೆ ಒಣಗಿದರೆ ಹೋಗುವುದಿಲ್ಲ. ಮೂಡುಗಡೆಯ ಕಿಟಕಿಯಲ್ಲಿ ಬಿಸಿಲು ಬರುತ್ತಿತ್ತು. ಕನ್ನಮ್ಮನವರ ಕೈ ಹಿಡಿದು ಎಬ್ಬಿಸಬೇಕು ಎಂದು ನಾನು ಕಾಲು ಮುಂದಿಟ್ಟೆ. ಬಂಗಾರಕ್ಕ ನನ್ನ ತೋಳು ಹಿಡಿದರು. ಅವರು ನೋಡುತ್ತಿದ್ದುದು ಹೆಜ್ಜೆಗಳನ್ನಲ್ಲ. ಕನ್ನಮ್ಮನ ಕಲ್ಲು ಹೋದ ಜಾಗವನ್ನು. ಅಲ್ಲಿ ನೆಲ ನೀರಿನಂತೆ ಹೊಳೆಯುತ್ತಿತ್ತು. ಕಿಟಕಿಯ ಸರಳು ಅದರಲ್ಲಿ ಒಂದೊಂದೂ ಕಾಣುತ್ತಿತ್ತು. ರಾತ್ರಿಯಿಡೀ ತಿಕ್ಕಿದ ಅವರದೇ ನೆಲ ಅದರ ಪಕ್ಕದಲ್ಲಿ ಸಪ್ಪೆಯಾಗಿತ್ತು.

ಸಂಚಿಯಲ್ಲಿ ಇನ್ನೊಂದು ಕಲ್ಲಿತ್ತು. ಬಂಗಾರಕ್ಕ ಅದನ್ನು ತೆಗೆದುಕೊಂಡು, ಹಾಳೆ ಕಟ್ಟಿದ ಮೊಣಕಾಲಿನಲ್ಲಿ ಮೆಲ್ಲಗೆ ಸರಿದು, ಕನ್ನಮ್ಮನ ಪಕ್ಕದಲ್ಲಿ ಕೂತರು.

"ಅತ್ತಿಗೆ, ನಾನೂ ಬಂದೆ."

ಕನ್ನಮ್ಮ ತಿರುಗಿ ನೋಡಿದರು. ಗುರುತು ಹತ್ತಲಿಲ್ಲ. "ಯಾರೇ ನೀನು, ಹೊಸ ಹುಡುಗಿಯಾ? ಕೈ ಒತ್ತು. ಬೆಳಿಗ್ಗೆ ಗಂಜಿ ಉಂಡಿದ್ದಿಲ್ಯನೇ?"

"ಉಂಡಿದ್ದೆ ಅತ್ತಿಗೆ."

"ಉಂಡವರ ಕೈ ಹಿಂಗಿರ್ತದಾ? ಇದು ಬೆಕ್ಕಿನ ಮೈ ಸವರಿದಂಗೆ ಆತು."

ಅಂಥ ಹೊತ್ತಿನಲ್ಲೂ ಮಮತಾ ನಕ್ಕುಬಿಟ್ಟರು. ನಗು ಕೇಳಿ ಕನ್ನಮ್ಮ ತಲೆ ಎತ್ತಿದರು. "ನಗಾಡ್ತಾ ನಿಂತ್ರೆ ಮುಗೀತದಾ? ನೀನೂ ಕೂರು. ನಮ್ಮತ್ತೆ ಏಳುದ್ರೊಳಗೆ ಆಗ್ಬೇಕು. ಎದ್ರೆ ಬೈಗುಳ ನಂಗೇ" ಎಂದರು, ತನ್ನ ಸೊಸೆಯ ಹತ್ತಿರ.

ಮಮತಾ ಸೀರೆ ಎತ್ತಿ ಕಟ್ಟಿಕೊಂಡು ಕೂತರು. ಅವರಿಗೆ ಕಲ್ಲಿರಲಿಲ್ಲ, ಬಂಗಾರಕ್ಕ ತಮ್ಮದನ್ನು ಕೊಟ್ಟು, ತಾವು ಅಂಗೈಯಲ್ಲೇ ಕಪ್ಪು ಸವರಿ ಗುಳಿ ತುಂಬುತ್ತ ಹೋದರು. ನೆಲ ತಿಕ್ಕುವವರು ಹಿಂದೆ ಹಿಂದೆ ಸರಿಯಬೇಕು, ಮುಂದೆ ಹೋಗುವಂತಿಲ್ಲ. ಮುಂದೆ ಹೋದರೆ ತಿಕ್ಕಿದ್ದರ ಮೇಲೆಯೇ ಮೊಣಕಾಲು ಬೀಳುತ್ತದೆ. ಜೋಡಿ ಕೂತಾಗ ಹಿರಿಯಳು ಕೂಗು ಕೊಡುವುದು, ಉಳಿದವರು ಒಟ್ಟಿಗೆ ಸರಿಯುವುದು ಹಳೆಯ ರೂಢಿ. ಮಗನ ಹೆಸರು ಮರೆತ ಕನ್ನಮ್ಮ ಅದನ್ನು ಮರೆತಿರಲಿಲ್ಲ.

"ಹಿಂದೆ" ಎನ್ನುತ್ತಿದ್ದರು. ಮೂವರೂ ಸರಿಯುತ್ತಿದ್ದರು. ನಡುವಿನ ಹೆಜ್ಜೆ ಹೋಯಿತು. ಹೊಸ್ತಿಲ ಬದಿಯದು ಹೋಯಿತು. "ಹಿಂದೆ." ಮೊಣಕಾಲಿನ ಗುರುತು ಹೋಯಿತು. ನಾನು ರಸ್ತೆಯ ಕಡೆ ಕಿವಿಯಿಟ್ಟು ಅಂಗಳದ ಬಾಗಿಲಲ್ಲಿ ನಿಂತಿದ್ದೆ. ಆ ಮನೆಯಲ್ಲಿ ನನಗೆ ಬರುತ್ತಿದ್ದ ಕೆಲಸ ಅದೊಂದೇ.

ಬೈಕಿನ ಸದ್ದು ತಿರುವಿನಲ್ಲಿ ಕೇಳಿದಾಗ ಮೂವರೂ ಕೋಣೆಯ ಬಾಗಿಲವರೆಗೆ ಸರಿದಿದ್ದರು. ಮಮತಾ ಅತ್ತೆಯನ್ನು ಒಳಗೆ ಕರೆದುಕೊಂಡರು. ಕೊನೆಯ ಹೆಜ್ಜೆಯ ಮೇಲೆ ಬಂಗಾರಕ್ಕನ ಅಂಗೈ ಇತ್ತು. ಸತೀಶ ಖಾಲಿ ಕ್ಯಾನು ಹಿಡಿದು ಬಾಗಿಲಿಗೆ ಬಂದಾಗ ಅಲ್ಲಿ ಹೆಜ್ಜೆ ಇರಲಿಲ್ಲ. ಕೆಲಸ ಮುಗಿಸಿ ಏಳುತ್ತಿರುವ ಒಬ್ಬ ಹೆಂಗಸು ಮಾತ್ರ ಇದ್ದರು.

ಅವರು ಹೊರಗೇ ನಿಂತು ನೆಲ ನೋಡಿದರು. ಬಗ್ಗಿ ನೋಡಿದರು. ಮುಖ ಅರಳಿತು, ಆಮೇಲೆ ಸ್ವಲ್ಪ ಗಂಟಾಯಿತು.

"ಬಂಗಾರಕ್ಕ, ನಡುವೆ ಕನ್ನಡಿ ಹಂಗಿದ್ದು. ಸುತ್ತ ಎಂತಕ್ಕೆ ಮಂಕು? ಒಂದೇ ಸಮ ಬಂದಿಲ್ಲೆ ಅಲ?"

ಬಂಗಾರಕ್ಕ ಹಾಳೆಯ ಗಂಟು ಬಿಚ್ಚುತ್ತಿದ್ದರು. ಕೈ ಅಲ್ಲೇ ನಿಂತಿತು. ಮಮತಾ ಕೋಣೆಯ ಒಳಗಿನಿಂದ ನೋಡುತ್ತಿದ್ದರು.

"ವಯಸ್ಸಾತಲ್ಲ ತಮ್ಮ" ಎಂದರು ಬಂಗಾರಕ್ಕ. "ರಾತ್ರಿ ಕೈ ಸೋತ್ತು. ನಡುವೆ ಒಂದಿಷ್ಟು ಚಲೋ ಆತು, ಉಳದದ್ದು ಹಿಂಗಾತು."

"ಅಡ್ಡಿಲ್ಲೆ ಬಿಡಿ. ಮುಂದಿನ ವರ್ಷ ನೋಡುವ" ಎಂದರು ಸತೀಶ. ಒರಟಾಗಿ ಹೇಳಿದ್ದಲ್ಲ. ಮುಂದಿನ ವರ್ಷ ಕರೆಯುವುದಿಲ್ಲ ಎನ್ನುವುದನ್ನು ನಮ್ಮ ಕಡೆ ಹೀಗೆಯೇ ಹೇಳುತ್ತಾರೆ. "ಹೆಜ್ಜೆ ಅಂತೂ ಇಲ್ಲೆ. ಅವ್ವ ಎದ್ದಿದ್ದಿಲ್ಲೆ ಅಲ, ಮಮತಾ?"

"ಮಲಗಿದ್ದ್ರು" ಎಂದರು ಮಮತಾ. "ನಾ ಇನ್ನು ಮೇಲೆ ಬಾಗ್ಲಿಗೆ ಅಡ್ಡ ಹಾಸ್ಕಂಡೇ ಮಲಗ್ತೆ. ನನ್ನ ದಾಟಿ ಹೋಗುಕ್ಕೆ ಆಗುದಿಲ್ಲ."

ಸತೀಶ ಕಿಟಕಿಯಲ್ಲಿಟ್ಟಿದ್ದ ಚಿಲಕವನ್ನು ತೆಗೆದು ಮಾಡಿನ ಸಂದಿಗೆ ಸೇರಿಸಿದರು. ಫೋನು ತೆಗೆದು ನಾಗಪತಿ ಆಚಾರಿಗೆ ಬರುವುದು ಬೇಡ ಎಂದರು.

ಹೊರಡುವಾಗ ಬಂಗಾರಕ್ಕ ಕೋಣೆಗೆ ಹೋಗಿ ಕನ್ನಮ್ಮನ ಉಗುರಿನ ಕಪ್ಪನ್ನು ಉಪ್ಪಾಗೆ ತುಪ್ಪ ಹಚ್ಚಿ ತೆಗೆದರು. ಕನ್ನಮ್ಮ ಗೋಡೆ ನೋಡುತ್ತ ಕೂತಿದ್ದರು. ಯಾರು ಬಂದರು, ಎಂಥ ಕೆಲಸವಾಯಿತು ಎನ್ನುವುದೆಲ್ಲ ಆಗಲೇ ಹೋಗಿತ್ತು.

ಬಸ್ ನಿಲ್ಲುವಲ್ಲಿಗೆ ಇಬ್ಬರೂ ನಡೆದೆವು. ಗದ್ದೆಯಲ್ಲಿ ಕೊಯ್ದ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕೇಳಬಾರದು ಎಂದುಕೊಂಡೇ ಕೇಳಿದೆ: ನಡುವಿನದು ನಿಮ್ಮ ಕೈಯದಲ್ಲ ಎಂದು ಸತೀಶರಿಗೆ ಗೊತ್ತಾಗಬಾರದಿತ್ತು, ಸರಿ. ಆದರೆ ಸುತ್ತಲಿನದು ಕೆಟ್ಟಿಲ್ಲ ಎಂದಾದರೂ ಹೇಳಬಹುದಿತ್ತಲ್ಲ?

"ಕೆಟ್ಟಿಲ್ಲ. ನನ್ನ ನೆಲ ಎಲ್ಲಾ ಕಡೆ ಹಂಗೇ ಇರುದು, ಅದ್ಕೇ ಜನ ಕರೀತಾರೆ" ಎಂದರು. "ಆದ್ರೆ ಅತ್ತಿಗೆದು ಪಕ್ಕಕ್ಕೆ ಇದ್ರೆ ಯಾರ್ದಾದ್ರೂ ಮಂಕೇ ಕಾಣ್ತದೆ. ಅದು ಬ್ಯಾರೆ ಕೈ ತಂಗಿ. ನಂಗೆ ನಲವತ್ತು ವರ್ಸ ಆದ್ರೂ ಬರ್ಲಿಲ್ಲ."

"ಊರಲ್ಲಿ ಹೇಳ್ತಾರಲ್ಲ, ಕೈ ಹೋತು ಅಂತ?"

"ಹೇಳ್ಲಿ."

ಬಸ್ಸು ದೂರದಲ್ಲಿ ಕಂಡಿತು. ಬಂಗಾರಕ್ಕ ಚೀಲ ಭುಜಕ್ಕೇರಿಸಿ, ಸೆರಗು ಸರಿಮಾಡಿಕೊಂಡರು.

"ಮನೆಗೆ ಹೋದ್ರೆ ಮಗಳು ಕೇಳ್ತಾಳೆ, ನೆಲ ಹೆಂಗಾತು ಅವ್ವ ಅಂತ. ಅವ್ಳಿಗೂ ಕೈ ಸೋತ್ತು ಅಂತಲೇ ಹೇಳ್ತೆ. ಒಬ್ಬರಿಗೆ ಖರೇ ಹೇಳಿದ್ರೂ ಅದು ತಿರುಗಿ ಆ ಮನೆಗೇ ಬತ್ತದೆ" ಎಂದರು. ಬಸ್ಸಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ನೋಡದೆ ಇನ್ನೂ ಒಂದು ಮಾತು ಸೇರಿಸಿದರು. "ಯಾರಿಗೂ ಬ್ಯಾಡ."